ಸಮುದ್ರದಡಿಯ ಎಂಜಲು

ನ್ಯಾಮತಿ

ಹೊರದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ನಾನೂ ಓದಿದ್ದೇನೆ. ಅವರಿಗೆಲ್ಲ ಅಲ್ಲಿ ಏನಾದರೂ ಒಳ್ಳೆಯದು ಕಂಡಿರುತ್ತದೆ. ನಾನು ಹೋಗಿದ್ದು ಒಂದೇ ಸಲ, ಐದು ವಾರ, ಪಕ್ಕದ ಸಿಂಹಳಕ್ಕೆ. ಅದರಲ್ಲಿ ಬೆಳಗಿನ ಹೊತ್ತೆಲ್ಲ ನೀರಿನ ಕೆಳಗೆ ಕಳೆಯಿತು, ಸಂಜೆಯೆಲ್ಲ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದರಲ್ಲಿ ಕಳೆಯಿತು. ಚಹಾದ ಬೆಟ್ಟ, ಆನೆಗಳ ಹಿಂಡು, ಮಲಗಿದ ಬುದ್ಧ ಇವನ್ನು ನಾನು ನೋಡಲಿಲ್ಲ. ನೋಡುವ ಚೈತನ್ಯವೂ ಇರಲಿಲ್ಲ.

ಆಗ ನನಗೆ ನಲವತ್ತಮೂರು. ನೀರಾವರಿಯ ಕೆಲಸದಲ್ಲಿ ಜೂನಿಯರ್ ಇಂಜಿನಿಯರ್. ಮನೆ ನ್ಯಾಮತಿಯಲ್ಲಿ, ಆಫೀಸು ಹೊನ್ನಾಳಿಯಲ್ಲಿ, ನೋಡಿಕೊಳ್ಳಬೇಕಾದ ಕೆರೆಗಳು ಚನ್ನಗಿರಿಯ ಕಡೆಗೆಲ್ಲ. ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ನಿಂತುಕೊಂಡೇ ಬರುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು, ಸಿಂಹಳದಲ್ಲಿ ದೊಡ್ಡ ಗಲಾಟೆ ಇನ್ನೂ ಶುರುವಾಗಿರಲಿಲ್ಲ. ಹೊರದೇಶದ ಸಂಸ್ಥೆಯೊಂದು ಹಳೇ ಕೆರೆಗಳ ನೀರು ಬಿಡುವ ತೂಬುಗಳನ್ನು ದುರಸ್ತಿ ಮಾಡಿಸಲು ಮುಂದೆ ಬಂದಿತ್ತು. ಇಬ್ಬರನ್ನು ಕಳಿಸಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಕೆಲಸ ಮಾಡುವುದನ್ನು ಕಲಿಸುತ್ತೇವೆ, ಇಬ್ಬರೂ ಪಾಸಾದರೆ ಎರಡು ಸೆಟ್ಟು ಮತ್ತು ಗಾಳಿ ತುಂಬುವ ಯಂತ್ರ ನಿಮ್ಮೂರಿಗೆ ಎಂದಿತ್ತು. ಒಬ್ಬ ಫೇಲಾದರೂ ಏನೂ ಇಲ್ಲ. ಏಕೆಂದರೆ ಈ ಕೆಲಸಕ್ಕೆ ಒಬ್ಬನೇ ಇಳಿಯುವ ಹಾಗಿಲ್ಲ, ಜೋಡಿಯಾಗಿಯೇ ಇಳಿಯಬೇಕು.

ಫಾರಿನ್ ಎಂದಾಗ ಆಫೀಸಿನಲ್ಲಿ ನಾಲ್ಕೈದು ಜನ ಕೋಟು ಹೊಲಿಸಲು ಹೊರಟಿದ್ದರು. ಸಮುದ್ರಕ್ಕೆ ಇಳಿಯಬೇಕು ಎಂದು ಗೊತ್ತಾದ ಮೇಲೆ ಒಬ್ಬರಿಗೆ ಬಿ.ಪಿ. ಬಂತು, ಇನ್ನೊಬ್ಬರ ಮಗಳ ಮದುವೆ ನಿಶ್ಚಯವಾಯಿತು. ಫೈಲು ಜಾರುತ್ತ ಜಾರುತ್ತ ನನ್ನ ಮೇಜಿಗೆ ಬಂತು. ನನಗೆ ಈಜು ಬರುತ್ತಿತ್ತು, ಅಷ್ಟೆ. ನೀರೆಂದರೆ ಭಯವೂ ಇತ್ತು. ಬೇಡ ಎನ್ನಲು ಹೋದೆ. ಸಾಹೇಬರು ಕನ್ನಡಕ ಒರೆಸುತ್ತ, "ಬೇರೆ ಯಾರಿದಾರ್ರಿ? ಹೋಗ್ ಬರ್ರಿ" ಎಂದು ಸಹಿ ಹಾಕಿಬಿಟ್ಟರು.

ಎರಡನೆಯವನು ದುರ್ಗಪ್ಪ. ನಮ್ಮ ಕೆರೆ ಗ್ಯಾಂಗಿನಲ್ಲಿ ದುಡಿಯುತ್ತಿದ್ದ, ಜಗಳೂರು ತಾಲ್ಲೂಕಿನ ಸೊಕ್ಕೆಯವನು. ನೀರಿಲ್ಲದ ಸೀಮೆಯಿಂದ ಇಂಥ ಮುಳುಗುಗಾರ ಹೇಗೆ ಬಂದ ಎಂದು ಎಲ್ಲರಿಗೂ ಸೋಜಿಗ. ಅಲ್ಲಿಯ ಆಳದ ಬಾವಿಗಳಿಗೆ ಬಿದ್ದ ಕೊಡ, ಪಂಪಿನ ಫುಟ್‌ವಾಲ್ವು ತೆಗೆಯುತ್ತ ಬೆಳೆದವನಂತೆ. ದಮ್ಮು ಕಟ್ಟಿ ಒಳಗೆ ಹೋದನೆಂದರೆ ದಂಡೆಯಲ್ಲಿ ನಿಂತವರಿಗೇ ಉಸಿರು ಕಟ್ಟುತ್ತಿತ್ತು. ತೂಬಿನ ಬಾಗಿಲು ಸಿಕ್ಕಿಕೊಂಡರೆ, ಬೇರು ಬಿಗಿದರೆ, ಅವನೇ ಇಳಿದು ಬಿಡಿಸಬೇಕು. ಅವನಿಗಿಂತ ಮುಂಚೆ ಅವನ ಅಣ್ಣ ಇಳಿಯುತ್ತಿದ್ದ. ಅಣ್ಣನನ್ನು ಒಂದು ಬೇಸಿಗೆಯಲ್ಲಿ ತೂಬಿನ ಬಾಯಿ ಎಳೆದುಕೊಂಡಿತು. ಹೆಣ ಆಚೆ ಕಾಲುವೆಯಲ್ಲಿ ಸಿಕ್ಕಿತು.

ಹೊರಡುವ ದಿನ ದುರ್ಗಪ್ಪನ ಹೆಂಡತಿ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ನನಗೆ ಕೈಮುಗಿದು, "ಸಾಹೇಬ್ರೆ, ಹೆಂಗಾರ ಮಾಡಿ ಆ ಗಾಳಿ ಡಬ್ಬಿ ತಗಂಡ್ ಬರ್ರಿ. ಈ ವಯ್ಯ ಇನ್ನೊಂದ್ ಸಲ ಹಂಗೇ ತೂಬಿಗಿಳಿದ್ರೆ ನಾನು ನೋಡಾಕೆ ಇರಲ್ಲ" ಎಂದಳು. ಆಗಲಮ್ಮ ಎಂದೆ. ಸುಲಭವಾಗಿ ಅಂದುಬಿಟ್ಟೆ.

ರಾಮೇಶ್ವರ ಮತ್ತು ಆಚೆ ದಡ

ರೈಲು, ರೈಲು, ಮತ್ತೆ ರೈಲು. ರಾಮೇಶ್ವರ ಮುಟ್ಟುವ ಹೊತ್ತಿಗೆ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಅಲ್ಲಿಂದ ಹಡಗು. ಕಸ್ಟಮ್ಸಿನವನು ನನ್ನ ಚೀಲ ಬಿಚ್ಚಿಸಿ ಹೆಂಡತಿ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯನ್ನು ಮೂಸಿ ಮೂಸಿ ನೋಡಿದ. ಮೂರನೆಯ ಸಲ ಮೂಸಿದಾಗ ಸೀನಿದ. ಆಮೇಲೆ ಬಿಟ್ಟ.

ದುರ್ಗಪ್ಪ ಸಮುದ್ರವನ್ನು ಮೊದಲ ಸಲ ನೋಡುತ್ತಿದ್ದ. ಕಟಕಟೆ ಹಿಡಿದು ನೀರಿನತ್ತ ಬಾಗಿ, "ಇಷ್ಟ್ ನೀರಿಟ್ಕಂಡು ಒಂದ್ ಗುಟುಕು ಕುಡಿಯಾಕೆ ಆಗಲ್ಲಂತೆ. ನಮ್ ಬಾವಿ ಇದ್ದಂಗೆ ಬಿಡ್ರಿ" ಎಂದ.

"ಯಾವ ಬಾವಿಯೋ?"

"ಊರ ಬಾವಿ. ಕೊಡ ಬಿದ್ರೆ ನಮ್ಮನ್ನ ಇಳಿಸ್ತಿದ್ರು. ಸೇದಾಕೆ ಬಿಡ್ತಿರ್ಲಿಲ್ಲ."

ಅವನು ಅದನ್ನು ಬೇಸರದಿಂದಲೂ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ನಾನು "ಈಗೆಲ್ಲ ಹಂಗಿಲ್ಲ ಬಿಡು" ಎಂದು ಹೇಳಿ ಮಾತು ಮುಗಿಸಿದೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ, ನಲ್ಲೂರು ಕಡೆ ಅಡಿಕೆ ವ್ಯಾಪಾರದವರು. ನಮ್ಮ ಮತದಲ್ಲಿ ಮೇಲುಕೀಳಿಲ್ಲ ಎಂದು ಜಯಂತಿಯ ದಿನ ಮೈಕು ಹಿಡಿದು ಭಾಷಣ ಮಾಡಿದವನು ನಾನು. ಜನ ಚಪ್ಪಾಳೆ ತಟ್ಟಿದ್ದರು.

ಆಚೆ ದಡದಿಂದ ಮತ್ತೆ ರೈಲು, ಆಮೇಲೆ ಬಸ್ಸು. ನಾವು ಸೇರಿದ್ದು ದ್ವೀಪದ ತೆಂಕಣ ದಂಡೆಯ ಮೀನುಗಾರರ ಊರು. ತೆಂಗಿನ ಮರಗಳ ಕೆಳಗೆ ಸೀಲಾವತಿ ಎಂಬ ವಿಧವೆಯ ಮನೆ, ಅದರ ಹಿಂಭಾಗದ ಒಂದೇ ಕೋಣೆ, ಎರಡು ಮಂಚ. ದುರ್ಗಪ್ಪನ ಜೊತೆ ಒಂದೇ ಕೋಣೆಯಲ್ಲಿ ಮಲಗಲು ನನಗೇನೂ ಅನ್ನಿಸಲಿಲ್ಲ ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಆಯಮ್ಮ ಮೂರು ಹೊತ್ತೂ ಅನ್ನ, ತೆಂಗಿನ ತುರಿ, ಕೆಂಪು ಮೆಣಸಿನಕಾಯಿ ಕೊಡುತ್ತಿದ್ದಳು. ನಾನು ಮೀನು ತಿನ್ನುವುದಿಲ್ಲ ಎಂದರೆ ಕಾಯಿಲೆಯವನನ್ನು ನೋಡಿದ ಹಾಗೆ ನೋಡುತ್ತಿದ್ದಳು. ದುರ್ಗಪ್ಪ ಎರಡು ದಿನದಲ್ಲಿ ಅಡುಗೆಮನೆಯೊಳಗೇ ಹೋಗಿ ಕೂರುತ್ತಿದ್ದ. ಅವನಿಗೆ ಸಿಂಹಳ ಬಾರದು, ಆಕೆಗೆ ಕನ್ನಡ ಬಾರದು. ಆದರೂ ಇಬ್ಬರೂ ಮಾತಾಡುತ್ತಲೇ ಇರುತ್ತಿದ್ದರು. ನಾನು ಇಂಗ್ಲಿಷ್ ಇಟ್ಟುಕೊಂಡು ಹೊರಗೆ ಒಬ್ಬನೇ ಕೂರುತ್ತಿದ್ದೆ.

ಮೊದಲ ವಾರ

ಕಲಿಸುವವರು ಗುಣಪಾಲ ಎಂಬವರು. ಹಿಂದೆ ಹಡಗಿನಲ್ಲಿ ದುಡಿದ ಐವತ್ತರ ಆಳು, ಮೈಯೆಲ್ಲ ಒಣಗಿದ ತೆಂಗಿನ ನಾರು. ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದರು. ನನ್ನ ಹೆಸರು ಮಲ್ಲಿಕಾರ್ಜುನ ಎಂದಾಗ ಒಂದು ಸಲ ಪ್ರಯತ್ನಿಸಿ, ಕೈಬಿಟ್ಟು, "ಮಿಸ್ಟರ್ ಮಲ್ಲಿ" ಎಂದು ಕರೆದರು. ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ನೋಡಿ ಅದೇನು ಎಂದು ಕೇಳಿದರು. ದೇವರು ಎಂದೆ. "ಗಟ್ಟಿ ಕಟ್ಟಿಕೊಳ್ಳಿ, ಇಲ್ಲಿಯ ಮೀನುಗಳು ಬೌದ್ಧರು" ಎಂದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಅವರು ನಗುವುದೂ ಸಿಟ್ಟಾಗುವುದೂ ಒಂದೇ ಮುಖದಲ್ಲಿ.

ಸಿಲಿಂಡರಿನ ಭಾರ ಬೆನ್ನಿಗೆ, ಸೀಸದ ಬೆಲ್ಟು ಸೊಂಟಕ್ಕೆ, ಕಾಲಿಗೆ ಬಾತುಕೋಳಿಯ ಪಾದ. ಮರಳಿನ ಮೇಲೆ ಹಿಂದುಹಿಂದಕ್ಕೆ ನಡೆದು ನೀರು ಸೇರಬೇಕು. ನಾನು ಪ್ರತಿ ದಿನ ಬೀಳುತ್ತಿದ್ದೆ. ದಂಡೆಯಲ್ಲಿ ಬಲೆ ಹೆಣೆಯುವ ಮುದುಕರು ನನಗಾಗಿಯೇ ಕಾಯುತ್ತಿದ್ದರು. ಬಿದ್ದ ಕೂಡಲೇ ಎಲ್ಲರೂ ಸೇರಿ "ಅಯ್ಯೋ" ಎನ್ನುವರು. ನಮ್ಮೂರ ಅಯ್ಯೋ ಅಲ್ಲಿಯೂ ಅಯ್ಯೋ ಎಂಬುದು ಆ ದೇಶದಲ್ಲಿ ನನಗೆ ಸಿಕ್ಕ ಮೊದಲ ಸಮಾಧಾನ.

ಭಯವೆಂದರೆ ಭಯ. ಮುಖಕ್ಕೆ ಗಾಜು ಕಟ್ಟಿಕೊಂಡು ತಲೆ ಮುಳುಗಿಸಿದ ಕ್ಷಣ ಎದೆ ಹೊಡೆದುಕೊಳ್ಳುವ ಸದ್ದು ಕಿವಿಯೊಳಗೇ ಕೇಳುತ್ತದೆ. ಬಾಯಲ್ಲಿ ರಬ್ಬರಿನ ಮೌತ್‌ಪೀಸು. ಎಳೆದರೆ ಗಾಳಿ ಬರುತ್ತದೆ, ಬಿಟ್ಟರೆ ಗುಳ್ಳೆ. ಬರುತ್ತದೆ ಎಂದು ಬುದ್ಧಿಗೆ ಗೊತ್ತು, ಎದೆಗೆ ಗೊತ್ತಿಲ್ಲ. ಮೊದಲ ಮೂರು ದಿನ ನಾನು ಎದೆಮಟ್ಟದ ನೀರಿನಲ್ಲಿ ಕೂತು, ಎದ್ದು, ಕೂತು, ಎದ್ದು, ಅಷ್ಟೇ ಮಾಡಿದೆ. ಕಿವಿ ಗುಂಯ್ಗುಟ್ಟಿತು. ತೋಳಿನಲ್ಲಿ ಉಪ್ಪಿನ ಗುಳ್ಳೆ ಎದ್ದವು.

ದುರ್ಗಪ್ಪನದು ಬೇರೆ ಪಾಡು. ಅವನಿಗೆ ನೀರಿನ ಭಯ ಇರಲಿಲ್ಲ, ಗಾಳಿಯ ಅಭ್ಯಾಸ ಇರಲಿಲ್ಲ. ಕೆಳಗೆ ಹೋದೊಡನೆ ಬಾವಿಯ ರೂಢಿಯಂತೆ ದಮ್ಮು ಕಟ್ಟಿಬಿಡುವನು. ಮಾಸ್ಟರ್ ಕೂಗಾಡುವರು: ದಮ್ಮು ಕಟ್ಟಬಾರದು, ಕಟ್ಟಿ ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಎದೆ ಒಡೆಯುತ್ತದೆ. ನಾನು ಅದನ್ನು ಕನ್ನಡ ಮಾಡಿ ಹೇಳಬೇಕು. ದುರ್ಗಪ್ಪ ತಲೆ ಕೆರೆದುಕೊಂಡು, "ಮೂವತ್ತೊರ್ಷ ಉಸಿರು ಬಿಡಬ್ಯಾಡ ಅಂದ್ರು, ಈಗ ಹಿಡೀಬ್ಯಾಡ ಅಂತಾರೆ. ಯಾರ್ ಮಾತು ಕೇಳ್ಬೇಕ್ರಿ?" ಎನ್ನುವನು. ಆದರೂ ಆರು ದಿನದಲ್ಲಿ ಕಲಿತ. ಕಲಿತ ದಿನ ಕೆಳಗೆ ಸುಮ್ಮನೆ ಮಂಡಿಯೂರಿ ಕೂತು ಉಸಿರಾಡುತ್ತಲೇ ಇದ್ದ. ಮೇಲೆ ಬಂದು, "ನಮ್ಮಣ್ಣಂಗೆ ಇದೊಂದಿದ್ದಿದ್ರೆ ಸಾಕಿತ್ತು" ಎಂದ. ಮುಖ ಒದ್ದೆಯಾಗಿಯೇ ಇದ್ದುದರಿಂದ ಬೇರೇನೂ ಕಾಣಲಿಲ್ಲ.

ದೋಣಿಯಿಂದ ಇಳಿಯುವ ಮೊದಲು ಮಾಸ್ಟರ್ ಒಂದು ಶಾಸ್ತ್ರ ಮಾಡಿಸುತ್ತಿದ್ದರು. ನನ್ನ ಮೌತ್‌ಪೀಸಿನಿಂದ ಜೊತೆಗಾರ ಎರಡು ಉಸಿರು ಎಳೆದು ನೋಡಬೇಕು, ಅವನದರಿಂದ ನಾನು. ನಿನ್ನ ಜೀವ ಅವನ ಗಾಳಿಯಲ್ಲಿದೆ, ಅದು ನೆಟ್ಟಗಿದೆಯೋ ಇಲ್ಲವೋ ನೀನೇ ನೋಡು ಎಂಬ ಲೆಕ್ಕ. ನಾನು ಪ್ರತಿ ಸಲವೂ ಟವೆಲಿನಿಂದ ರಬ್ಬರನ್ನು ಒರೆಸಿ ಬಾಯಿಗಿಟ್ಟುಕೊಳ್ಳುತ್ತಿದ್ದೆ. ಉಪ್ಪುನೀರು ಒರೆಸುತ್ತಿದ್ದೇನೆ ಎಂಬ ಮುಖ ಮಾಡಿಕೊಳ್ಳುತ್ತಿದ್ದೆ. ದುರ್ಗಪ್ಪ ಒರೆಸುತ್ತಿರಲಿಲ್ಲ.

ಹನ್ನೆರಡನೆಯ ದಿನ

ಅಂದಿನ ಪಾಠ ಇಷ್ಟೇ. ಇಪ್ಪತ್ತು ಅಡಿ ಕೆಳಗೆ ಇಬ್ಬರೂ ಎದುರುಬದುರು ಮಂಡಿಯೂರಬೇಕು. ಒಬ್ಬನ ಗಾಳಿ ಮುಗಿಯಿತು ಎಂದು ಭಾವಿಸಬೇಕು. ಉಳಿದ ಒಂದೇ ಮೌತ್‌ಪೀಸಿನಲ್ಲಿ ಇಬ್ಬರೂ ಬದುಕಬೇಕು. ಎರಡು ಉಸಿರು ನೀನು, ಎರಡು ಉಸಿರು ನಾನು, ಬಾಯಿಂದ ಬಾಯಿಗೆ. ಪರೀಕ್ಷೆಯ ದಿನ ಮುಖ್ಯವಾಗಿ ಇದನ್ನೇ ನೋಡುವುದು ಎಂದು ಮಾಸ್ಟರ್ ಹೇಳಿದ್ದರು.

ಇಳಿದೆವು. ಮರಳು ಬೆಳ್ಳಗಿತ್ತು. ನನ್ನ ಮೌತ್‌ಪೀಸು ತೆಗೆದು ಪಕ್ಕಕ್ಕೆ ಬಿಟ್ಟೆ. ದುರ್ಗಪ್ಪ ಎರಡು ಸಲ ಉಸಿರೆಳೆದು, ತನ್ನ ಬಾಯಿಯದನ್ನು ತೆಗೆದು ನನ್ನ ಕೈಗೆ ಕೊಟ್ಟ. ಅದರ ತುದಿಯಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

ಟವೆಲಿರಲಿಲ್ಲ. ನನ್ನ ಕೈ, ನಾನು ಹೇಳದೆಯೇ, ಆ ರಬ್ಬರನ್ನು ನೀರಿನಲ್ಲಿ ಅಲುಬತೊಡಗಿತು. ಮನೆಯಲ್ಲಿ ಎಂಜಲು ಲೋಟವನ್ನು ಅಲುಬುತ್ತೇವಲ್ಲ ಹಾಗೆ, ಮೂರು ಸಲ. ಸಮುದ್ರದ ಅಡಿಯಲ್ಲಿ ಕೂತು, ಸಮುದ್ರದ ನೀರಿನಲ್ಲಿ, ಸಮುದ್ರದಲ್ಲೇ ಇದ್ದ ವಸ್ತುವನ್ನು ತೊಳೆಯುತ್ತಿದ್ದೆ. ಅಷ್ಟರಲ್ಲಿ ಎದೆಯಲ್ಲಿದ್ದ ಉಸಿರು ಮುಗಿದಿತ್ತು. ಬಾಯಿಗಿಟ್ಟುಕೊಂಡವನು ಮೊದಲು ಊದಿ ನೀರು ಹೊರದಬ್ಬಬೇಕು, ಊದಲು ಗಾಳಿಯಿಲ್ಲ. ಎಳೆದೆ. ಉಪ್ಪುನೀರು ಗಂಟಲಿಗೆ ಹೋಯಿತು. ಆಮೇಲೆ ನನಗೆ ಯಾವ ನಿಯಮವೂ ನೆನಪಿರಲಿಲ್ಲ, ಮೇಲಕ್ಕೆ ಹೊರಟೆ. ಮಾಸ್ಟರ್ ನನ್ನ ಕಾಲು ಹಿಡಿದು ಎಳೆದು, ತಮ್ಮ ಗಾಳಿಯನ್ನು ಬಾಯಿಗೆ ತುರುಕಿ, ಹೊಟ್ಟೆಗೆ ಗುದ್ದಿ ಉಸಿರು ಬಿಡಿಸುತ್ತ ಮೇಲೆ ತಂದರು.

ದೋಣಿಯಲ್ಲಿ ನಾನು ಕಾರಿಕೊಂಡೆ. ಮಾಸ್ಟರ್ ನನ್ನನ್ನು ಬಿಟ್ಟು ದುರ್ಗಪ್ಪನತ್ತ ತಿರುಗಿದರು. ಮಿಸ್ಟರ್ ಮಲ್ಲಿ ಅದನ್ನು ಅಲ್ಲಾಡಿಸಿದ್ದೇಕೆ, ಇಪ್ಪತ್ತು ವರ್ಷದಲ್ಲಿ ಯಾರೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ, ಕೇಳು ಅವನನ್ನು ಎಂದರು. ಕೇಳಬೇಕಾದವನು ನಾನೇ. ಅವರಿಬ್ಬರ ನಡುವೆ ಭಾಷೆ ತಿರುಗಿಸುವವನು ಬೇರೆ ಯಾರೂ ಇರಲಿಲ್ಲ.

"ಯಾಕೆ ಅಲ್ಲಾಡಿಸಿದ್ರು ಅಂತ ಕೇಳ್ತಾರೆ" ಎಂದೆ.

ದುರ್ಗಪ್ಪ ನನ್ನನ್ನೇ ನೋಡುತ್ತ ಹೇಳಿದ. "ನನ್ ಎಂಜ್ಲು ತೊಳಕಂಡ್ರು ಅಂತ ಹೇಳ್ರಿ."

ನಾನು ಮಾಸ್ಟರಿಗೆ ಇಂಗ್ಲಿಷಿನಲ್ಲಿ, ಅದರೊಳಗೆ ಮರಳು ಸೇರಿತ್ತು ಎಂದು ಹೇಳುತ್ತಾನೆ ಎಂದೆ.

ಮಾಸ್ಟರ್ ಮೌತ್‌ಪೀಸನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಮರಳು ಎಲ್ಲಿಂದ ಬರಬೇಕು! ಇನ್ನೊಂದು ಸಲ ಹೀಗಾದರೆ ಇಬ್ಬರನ್ನೂ ವಾಪಸು ಕಳಿಸುತ್ತೇನೆ ಎಂದರು. ದುರ್ಗಪ್ಪನಿಗೆ ಇಂಗ್ಲಿಷ್ ಬಾರದು. ಆದರೆ ನಾನು ಹೇಳಿದ ಮಾತು ಅವನು ಹೇಳಿದ್ದಲ್ಲ ಎಂಬುದು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ.

ಹುಣ್ಣಿಮೆ

ಆ ದೇಶದಲ್ಲಿ ಪ್ರತಿ ಹುಣ್ಣಿಮೆಗೂ ರಜೆ. ಬಲೆ ಇಳಿಯುವುದಿಲ್ಲ, ಕಟುಕನ ಅಂಗಡಿ ತೆಗೆಯುವುದಿಲ್ಲ, ಜನ ಬಿಳಿ ಬಟ್ಟೆ ಉಟ್ಟು ಹೂವು ಹಿಡಿದು ಗುಡಿಗೆ ಹೋಗುತ್ತಾರೆ. ನಮ್ಮಲ್ಲಿ ಹುಣ್ಣಿಮೆಯೆಂದರೆ ಹೋಳಿಗೆ, ಅಲ್ಲಿ ಮೌನ. ನನಗೆ ಅದೇ ಹಿತವಾಯಿತು. ಮೈ ನುಜ್ಜುಗುಜ್ಜಾಗಿತ್ತು, ಗಂಟಲಲ್ಲಿ ಇನ್ನೂ ಉಪ್ಪಿತ್ತು. ಸೀಲಾವತಮ್ಮ ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ ಹಾಲಿಲ್ಲದ ಚಹಾ ಕೊಟ್ಟು, ಅಂಗೈಯಲ್ಲಿ ಬೆಲ್ಲದ ಉಂಡೆ ಇಟ್ಟು ಗುಡಿಗೆ ಹೋದಳು. ಅಲ್ಲಿಯವರು ಚಹಾಕ್ಕೆ ಬೆಲ್ಲ ಬೆರೆಸುವುದಿಲ್ಲ. ಒಂದು ಕಡಿತ ಬೆಲ್ಲ, ಒಂದು ಗುಟುಕು ಚಹಾ.

ಎರಡು ದಿನದಿಂದ ದುರ್ಗಪ್ಪ ನನ್ನೊಡನೆ ಮಾತಾಡಿರಲಿಲ್ಲ. ಈಗ ಬೆಲ್ಲವನ್ನು ಕಚ್ಚಿ, ಉಳಿದರ್ಧವನ್ನು ನನ್ನ ಮುಂದೆ ಹಿಡಿದ.

"ತಿನ್ರಿ."

"ನಂದು ಐತಲ್ಲೋ."

"ಅದು ನಿಮ್ದು. ಇದು ತಿನ್ರಿ. ನೆಲದ ಮ್ಯಾಲೆ ಆಗದಿದ್ದದ್ದು ನೀರಾಗೆ ಹೆಂಗಾಗ್ತೈತೆ ಸಾಹೇಬ್ರೆ? ಮೊದ್ಲು ಇಲ್ಲಿ ಪಾಸಾಗ್ರಿ."

ಅವನ ಹಲ್ಲಿನ ಗುರುತು ಬೆಲ್ಲದ ಮೇಲಿತ್ತು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಚಿಕ್ಕಂದಿನಲ್ಲಿ ನಾವು ಪೆಪ್ಪರ್‌ಮಿಂಟನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಚ್ಚಿ ಹಂಚಿಕೊಳ್ಳುತ್ತಿದ್ದೆವು. ಬಟ್ಟೆ ಅಡ್ಡ ಇದ್ದರೆ ಗುಬ್ಬಿ ಎಂಜಲು, ಅದಕ್ಕೆ ದೋಷವಿಲ್ಲ. ನನ್ನ ಕೈ ತಾನಾಗಿ ಪಂಚೆಯ ಅಂಚಿಗೆ ಹೋಯಿತು. ದುರ್ಗಪ್ಪ ನೋಡಿಬಿಟ್ಟ. ಅವನಿಗೆ ನಗು ತಡೆಯಲಾಗಲಿಲ್ಲ.

"ಗುಬ್ಬಿ ಎಂಜ್ಲು ಮಾಡಾಕೆ ಹೊಂಟ್ರಾ? ಅಲ್ಲಿ ಪಂಚೆ ಎಲ್ಲೈತ್ರಿ ಮಾರಾಯ್ರೆ!"

ನನಗೂ ನಗು ಬಂತು. ನಕ್ಕ ಮೇಲೆ ಅವನೇ ದನಿ ತಗ್ಗಿಸಿ ಹೇಳಿದ. "ನಂಗೆ ನಿಮ್ ಜೊತೆ ಉಣ್ಣಾಕೆ ಏನ್ ಆಸೆ ಇಲ್ರಿ. ಆ ಎರಡು ಸೆಟ್ಟು ಬೇಕು. ನನ್ ಮಗ ಹದಿನಾರಕ್ಕೆ ಬಂದಾನೆ. ನಾ ಹೋದ್ರೆ ನಾಳೆ ಅವನ್ನೇ ಕರೀತಾರೆ ತೂಬಿಗೆ. ನೀವು ಹೂಂ ಅಂದ್ರೆ ಐತೆ, ಇಲ್ಲಂದ್ರೆ ಇಲ್ಲ."

ಸುತ್ತ ನೋಡಿದೆ. ಅಂಗಳದಲ್ಲಿ ಒಂದು ನಾಯಿ ಮಲಗಿತ್ತು. ನಮ್ಮೂರಿನವರು ಯಾರೂ ಇರಲಿಲ್ಲ. ಬೆಲ್ಲ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಬೆಲ್ಲದ ರುಚಿಯೇ ಇತ್ತು. ಅಂದಿನಿಂದ ಆ ಕಟ್ಟೆಯ ಮೇಲೆ ದಿನವೂ ಸಂಜೆ ಒಂದೇ ಲೋಟದಲ್ಲಿ ಚಹಾ. ಅವನು ಎರಡು ಗುಟುಕು, ನಾನು ಎರಡು ಗುಟುಕು. ಸೀಲಾವತಮ್ಮ ಮನೆಯಲ್ಲಿ ಲೋಟಗಳು ಸಾಲದೆ ಹೋದವೆಂದು ತಿಳಿದು ಪಕ್ಕದ ಮನೆಯಿಂದ ಎರವಲು ತಂದಿಟ್ಟಳು.

ಪರೀಕ್ಷೆ

ಮೂವತ್ತು ಅಡಿ. ನೀರು ಕಲಕಿತ್ತು, ಮುಂಚಿನ ದಿನ ಗಾಳಿ ಬೀಸಿತ್ತು. ತಳದಲ್ಲಿ ಹಗ್ಗ ಹಾಸಿದ್ದರು. ಒಂದೇ ಮೌತ್‌ಪೀಸಿನಲ್ಲಿ ಇಬ್ಬರೂ ಉಸಿರಾಡುತ್ತ ಆ ಹಗ್ಗದ ಗುಂಟ ಈ ತುದಿಯಿಂದ ಆ ತುದಿಗೆ ಹೋಗಬೇಕು. ಮಾಸ್ಟರ್ ಹಿಂದಿನಿಂದ ಬರುತ್ತಾರೆ.

ಶುರು ಚೆನ್ನಾಗಿಯೇ ಆಯಿತು. ದುರ್ಗಪ್ಪನ ಕೈಯಿಂದ ತೆಗೆದುಕೊಂಡೆ, ಊದಿದೆ, ಎಳೆದೆ, ಎಳೆದೆ, ಕೊಟ್ಟೆ. ತೊಳೆಯಲಿಲ್ಲ. ತೊಳೆಯಬೇಕೆಂದು ನೆನಪೇ ಆಗಲಿಲ್ಲ. ಹೀಗೆ ಆರೇಳು ಸಲ. ನಾನು ಗೆದ್ದೆ ಎಂದುಕೊಂಡೆ.

ಅರ್ಧ ದಾರಿಯಲ್ಲಿ ನನ್ನ ಮುಖದ ಗಾಜಿನೊಳಗೆ ನೀರು ನುಗ್ಗಿತು. ಪಟ್ಟಿ ಸಡಿಲವಾಗಿತ್ತೋ ಏನೋ. ಕಣ್ಣು ಉರಿದು ಏನೂ ಕಾಣದಾಯಿತು. ಆಗ ಮೌತ್‌ಪೀಸು ನನ್ನ ಬಾಯಲ್ಲಿತ್ತು. ಎರಡು ಉಸಿರಾಯಿತು. ಕೊಡಬೇಕು. ಕೊಡಲಿಲ್ಲ. ಮೂರು, ನಾಲ್ಕು, ಐದು. ಎರಡೂ ಕೈಯಿಂದ ಅದನ್ನು ಬಾಯಿಗೆ ಒತ್ತಿ ಹಿಡಿದುಕೊಂಡೆ. ಒಂದು ತಿಂಗಳ ಹಿಂದೆ ಮುಟ್ಟಲು ಹೇಸಿದ್ದ ರಬ್ಬರನ್ನು ಈಗ ಹಲ್ಲಿನಿಂದ ಕಚ್ಚಿಕೊಂಡಿದ್ದೆ. ಅದು ದುರ್ಗಪ್ಪನ ಗಾಳಿ, ಅವನ ಬೆನ್ನಿನ ಸಿಲಿಂಡರಿನದು.

ಗಾಜಿನ ನೀರು ಸ್ವಲ್ಪ ಇಳಿದಾಗ ಅವನು ಕಂಡ. ಪಕ್ಕದಲ್ಲೇ ಇದ್ದ. ಅಂಗೈ ಚಾಚಿದ್ದ. ಕಿತ್ತುಕೊಳ್ಳಲಿಲ್ಲ, ಕೈ ಬಡಿಯಲಿಲ್ಲ. ಬಾಯಿ ಮುಚ್ಚಿಕೊಂಡು, ಬಾವಿಯಲ್ಲಿ ಕಲಿತ ದಮ್ಮು ಹಿಡಿದು, ನನ್ನನ್ನೇ ನೋಡುತ್ತ ಕಾಯುತ್ತಿದ್ದ. ಎಷ್ಟು ಹೊತ್ತು ಕಾದನೋ ನನಗೆ ತಿಳಿಯದು. ಬೇರೆ ಯಾರೇ ಆಗಿದ್ದರೂ ಅಷ್ಟು ಹೊತ್ತಿಗೆ ಮುಗಿದುಹೋಗುತ್ತಿದ್ದ. ಕೊನೆಗೆ ನನ್ನ ಮಣಿಕಟ್ಟನ್ನು ಎರಡು ಸಲ ಮೆಲ್ಲಗೆ ತಟ್ಟಿದ. ಆಗ ಕೊಟ್ಟೆ.

ದೋಣಿಗೆ ಹತ್ತಿದ ಮೇಲೆ ಮಾಸ್ಟರ್ ಮುಖ ಕೆಂಪಾಗಿತ್ತು. ಕಲಕಿದ ನೀರಿನಲ್ಲಿ ಅವರಿಗೆ ಅರ್ಧ ಕಂಡಿತ್ತು, ಅರ್ಧ ಕಂಡಿರಲಿಲ್ಲ. ಅವನನ್ನು ಕೇಳು, ನೀನು ಗಾಳಿ ಬಿಟ್ಟುಕೊಡಲಿಲ್ಲ ತಾನೆ, ನಿಜ ಹೇಳಲಿ ಎಂದರು. ನಾನು ಆ ಪ್ರಶ್ನೆಯನ್ನು ಹಾಗೆಯೇ ಕನ್ನಡ ಮಾಡಿದೆ. ಫೇಲಾಗಲಿ ಎಂದೇ ಒಂದು ಮನಸ್ಸು ಹೇಳುತ್ತಿತ್ತು, ಅದು ನ್ಯಾಯವೂ ಆಗಿತ್ತು. ಆದರೆ ನಾನು ಫೇಲಾದರೆ ಶಿಕ್ಷೆ ನನಗಲ್ಲ.

ದುರ್ಗಪ್ಪ ಮೂಗು ಸೀಟಿ, ಮುಖ ಒರೆಸಿಕೊಂಡು ಹೇಳಿದ. "ನಾನೇ ಇರ್ಲಿ ಇಟ್ಕಳ್ಳಿ ಅಂತ ಕೈ ಮಾಡ್ದೆ ಅಂತ ಹೇಳ್ರಿ. ಕನ್ನಡಿಯಾಗೆ ನೀರು ಬಂದಿತ್ತು, ಅದಕ್ಕೆ ಅಂತ ಹೇಳ್ರಿ. ಸರಿಯಾಗಿ ಹೇಳ್ರಿ ಈ ಸಲ."

ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಮಾಸ್ಟರ್ ನಮ್ಮಿಬ್ಬರನ್ನೂ ನೋಡಿ, ಜೇಬಿನಿಂದ ಒದ್ದೆಯಾದ ಕಾಗದ ತೆಗೆದು ಎರಡು ಹೆಸರಿನ ಮುಂದೆಯೂ ಗೀಟು ಎಳೆದರು.

ಹಡಗಿನ ಮೇಲೆ

ವಾಪಸು ಬರುವಾಗ ಸಮುದ್ರ ಶಾಂತವಾಗಿತ್ತು. ನನಗೆ ಮಾತ್ರ ಕೂತಲ್ಲಿಯೇ ನಿದ್ದೆ. ಎಚ್ಚರವಾದಾಗ ದುರ್ಗಪ್ಪ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ. ಪರೀಕ್ಷೆಯ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ.

"ಯಾಕೋ ಸುಳ್ಳು ಹೇಳ್ದೆ?"

"ಸೆಟ್ಟಿಗೆ."

"ಅಷ್ಟೇನಾ?"

"ಇನ್ನೇನು?" ಎಂದು ಹೊಗೆ ಬಿಟ್ಟ. ಬೀಡಿಯ ಬೂದಿ ಕೊಡವಿ, "ತಗಳ್ಳಾದು ಕಲ್ತ್ರಿ ಸಾಹೇಬ್ರೆ. ಕೊಡಾದು ಇನ್ನೂ ಬರಲ್ಲ ನಿಮಗೆ" ಎಂದ. ನಾನು ಕ್ಷಮಿಸು ಎಂದೆ. ಅವನು ರಾಮೇಶ್ವರದ ದೀಪಸ್ತಂಭ ಕಾಣಿಸುತ್ತಿದೆ ಎಂದು ತೋರಿಸಿದ.

ನಲ್ಲೂರು

ಸೆಟ್ಟುಗಳು ನಿಜವಾಗಿಯೂ ಬಂದವು. ಮರದ ಪೆಟ್ಟಿಗೆಯಲ್ಲಿ, ಹುಲ್ಲು ಸುತ್ತಿ. ಮಳೆಗಾಲಕ್ಕೆ ಮುಂಚೆ ನಲ್ಲೂರು ಕಡೆಯ ಒಂದು ಕೆರೆಯ ತೂಬಿನ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿತು. ಕೆಳಗಿನ ಗದ್ದೆಯವರು ಬೊಬ್ಬೆ ಹಾಕಿದರು. ಜೀಪಿನಲ್ಲಿ ಎರಡು ಸೆಟ್ಟನ್ನೂ ಹೇರಿಕೊಂಡು ಹೋದೆವು.

ಏರಿಯ ಮೇಲೆ ಜನ ಸೇರಿದ್ದರು. ನನ್ನ ಚಿಕ್ಕಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಅವರ ಪಕ್ಕದಲ್ಲಿ ನನ್ನ ಮಾವನವರು, ಇನ್ನೂ ನಾಲ್ಕು ಮನೆಯ ಹಿರಿಯರು. ನಮ್ಮ ಹುಡುಗ ಫಾರಿನ್ನಿನಲ್ಲಿ ಕಲಿತು ಬಂದಿದ್ದಾನೆ ಎಂದು ಚಿಕ್ಕಪ್ಪ ಎಲ್ಲರಿಗೂ ಹೇಳುತ್ತಿದ್ದುದು ನನಗೆ ಕೇಳುತ್ತಿತ್ತು. ದುರ್ಗಪ್ಪನ ಹೆಂಡತಿಯೂ ಬಂದಿದ್ದಳು, ಏರಿಯ ಕೆಳಗೆ, ಬೇರೆಯಾಗಿ ನಿಂತಿದ್ದಳು.

ಇಬ್ಬರೂ ಸಿಲಿಂಡರ್ ಕಟ್ಟಿಕೊಂಡೆವು. ಇನ್ನು ಮಾಸ್ಟರ್ ಕಲಿಸಿದ ಶಾಸ್ತ್ರ. ನನ್ನದನ್ನು ಅವನು ಎರಡು ಉಸಿರು, ಅವನದನ್ನು ನಾನು ಎರಡು ಉಸಿರು. ಇಳಿಯುವ ಮುಂಚೆ, ದಂಡೆಯಲ್ಲಿ, ಬಯಲಿನಲ್ಲಿ. ಹೊತ್ತು ಹತ್ತು ಗಂಟೆ, ಬಿಸಿಲು ಚೆನ್ನಾಗಿತ್ತು, ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು.

ನನ್ನ ಮೌತ್‌ಪೀಸು ನನ್ನ ಕೈಯಲ್ಲಿತ್ತು. ಚಾಚಬೇಕು. ದುರ್ಗಪ್ಪ ಅದನ್ನು ಬಾಯಿಗಿಟ್ಟುಕೊಳ್ಳಬೇಕು, ಆಮೇಲೆ ನಾನು ಅದನ್ನೇ ಬಾಯಿಗಿಟ್ಟುಕೊಳ್ಳಬೇಕು, ಚಿಕ್ಕಪ್ಪನ ಮುಂದೆ, ಮಾವನವರ ಮುಂದೆ. ಸೀಲಾವತಮ್ಮನ ಕಟ್ಟೆಯಲ್ಲಿ ದಿನವೂ ಮಾಡಿದ ಕೆಲಸ. ಕೈ ಮುಂದೆ ಹೋಗಲಿಲ್ಲ. ವಾಲ್ವು ಸರಿಪಡಿಸುವವನ ಹಾಗೆ ಅದನ್ನು ತಿರುಗಿಸುತ್ತ, ತಿರುಗಿಸುತ್ತ ನಿಂತೆ.

ದುರ್ಗಪ್ಪ ನನ್ನ ಕೈ ನೋಡಿದ. ಕುರ್ಚಿಯ ಮೇಲಿದ್ದವರನ್ನು ನೋಡಿದ. ಆ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ.

"ನಿಮಗೆ ಮೊಣಕಾಲು ನೋವಲ್ರೀ ಸಾಹೇಬ್ರೆ. ಬ್ಯಾಡ್ರಿ. ನೀವು ಹಗ್ಗ ಹಿಡ್ಕಳ್ರಿ, ನಾನೊಬ್ನೇ ಹೋಗ್ ಬರ್ತೀನಿ."

ಜೋಡಿಯಿಲ್ಲದೆ ಇಳಿಯಬಾರದು ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನು ಸಿಲಿಂಡರ್ ಬಿಚ್ಚಿ ಕೆಳಗಿಟ್ಟು ಹಗ್ಗ ಹಿಡಿದುಕೊಂಡೆ. ಅವನು ಹಿಂದುಹಿಂದಕ್ಕೆ ನಡೆದು ನೀರು ಸೇರಿದ, ಅವನ ಅಣ್ಣನ ಹಾಗೆಯೇ ಒಬ್ಬನೇ.

ಗುಳ್ಳೆಗಳು ತೂಬಿನ ಕಡೆಗೆ ಹೋದವು. ಬಹಳ ಹೊತ್ತಿನ ನಂತರ ಬಾಗಿಲು ಕಿರ್ರೆಂದು ಎದ್ದಿತು, ಕಾಲುವೆಗೆ ನೀರು ಬಿತ್ತು, ಜನ ಕೇಕೆ ಹಾಕಿದರು. ಚಿಕ್ಕಪ್ಪ ಎದ್ದು ಬಂದು ನನ್ನ ಬೆನ್ನು ಚಪ್ಪರಿಸಿದರು. ದುರ್ಗಪ್ಪ ಜೀವಂತ ಮೇಲೆ ಬಂದ, ಒಬ್ಬನೇ ಬೆಲ್ಟು ಬಿಚ್ಚಿಕೊಂಡ, ಹೆಂಡತಿಯ ಹತ್ತಿರ ಹೋಗಿ ಕೂತ. ಮುಂದಿನ ವರ್ಷಗಳಲ್ಲಿ ಎಷ್ಟೋ ಸಲ ಇಳಿದ. ಪ್ರತಿ ಸಲವೂ ಹಗ್ಗ ನನ್ನ ಕೈಯಲ್ಲಿತ್ತು, ಎರಡನೆಯ ಸೆಟ್ಟು ಪೆಟ್ಟಿಗೆಯಲ್ಲಿತ್ತು.

ಹೊರದೇಶದಲ್ಲಿ ಏನು ಕಲಿತಿರಿ ಎಂದು ಕೇಳಿದವರಿಗೆಲ್ಲ ನಾನು ಸಮುದ್ರದ ಕಥೆ ಹೇಳಿದ್ದೇನೆ. ಆದರೆ ಆ ದಿನ ಏರಿಯ ಮೇಲೆ ಅವನು "ಹಗ್ಗ ಹಿಡ್ಕಳ್ರಿ" ಎಂದಾಗ ನನಗೆ ಎಷ್ಟು ಸಮಾಧಾನವಾಯಿತು ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.